ಅಂಗಳಕ್ಕೊಂದು ನಾಮ

ನಮ್ಮ ಮನೆ ಅಂಗಳದಲ್ಲಿ ಈಗ ಒಂದು ಬಿಳಿ ಪಟ್ಟೆ ಇದೆ. ತುಳಸಿಕಟ್ಟೆ ಹತ್ತಿರ ಶುರುವಾಗಿ, ಕೊಟ್ಟಿಗೆ ಕಡೆ ಹತ್ತಡಿ ಹೋಗಿ, ಏನೋ ಮರೆತವರ ಹಾಗೆ ಅಲ್ಲೇ ನಿಂತುಬಿಟ್ಟಿದೆ. ಒಂದು ಗೇಣು ಅಗಲ. ಉಳಿದದ್ದೆಲ್ಲ ಕಪ್ಪು ಹಸಿರು ಹಾವಸೆ. ಭಾನುವಾರದಿಂದ ಮನೆಗೆ ಬಂದವರೆಲ್ಲ ಕಾಫಿ ಲೋಟ ಹಿಡಿದುಕೊಂಡು ಅದನ್ನೇ ನೋಡುತ್ತಾರೆ. "ಎಂತದು ಮಾರಾಯ ಇದು?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಈ ಬರಹವನ್ನೇ ಫಾರ್ವರ್ಡ್ ಮಾಡುತ್ತೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿ ಕಡೆ ಅಂಗಳ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಮಳೆ ನಮ್ಮನ್ನೇನು ಬಿಟ್ಟು ಹೋಗುವುದಿಲ್ಲ. ಹೋದ ವರ್ಷ ಅಮ್ಮ ಹಾಲಿನ ಚೊಂಬಿನ ಸಮೇತ ಜಾರಿ ಬಿದ್ದು ಕೈ ಮುರಿದುಕೊಂಡರು. ಅಡಿಕೆ ಕೊಯ್ಲು ಬೇರೆ ಹತ್ತಿರ ಬಂತು. ಸುಣ್ಣ, ಬ್ಲೀಚಿಂಗ್ ಪೌಡರ್, ತೆಂಗಿನಕಡ್ಡಿ ಹಿಡಿ ಎಲ್ಲ ಆಗಿತ್ತು. ಈ ಸಲ ಶಿವಮೊಗ್ಗಕ್ಕೆ ಹೋಗಿ ಪ್ರೆಶರ್ ವಾಷರ್ ತಂದೆ, ನೀರನ್ನು ಜೋರು ಒತ್ತಡದಲ್ಲಿ ಚಿಮ್ಮಿಸಿ ತೊಳೆಯುವ ಮಷಿನ್. 1,500 ವ್ಯಾಟ್, 120 ಬಾರ್ ಒತ್ತಡ.

ಅದರ ಪುಸ್ತಕವನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದ್ದು ನನ್ನ ತಪ್ಪು. ಆ ನೀರು ಚರ್ಮ ಸೀಳಿ ಒಳಗೆ ನುಗ್ಗಬಹುದಂತೆ. ಗಾಯ ಗುಂಡುಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕಂತೆ. ಮನುಷ್ಯರು, ದನ, ನಾಯಿ, ವೈರು, ಯಾವುದರ ಕಡೆಗೂ ತಿರುಗಿಸಬಾರದು. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು. ಒದ್ದೆ ನೆಲದ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಎಳೆಯಬಾರದು. ಇಷ್ಟು ಕೇಳಿದ್ದೇ ತಡ, ಅಪ್ಪಯ್ಯನ ಕೈ ಜೇಬಿಗೆ ಹೋಯಿತು.

ಅಪ್ಪಯ್ಯನ ಅಂಗಿ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಕರೆಂಟ್ ಇದ್ದರೆ ಬೆಳಗುವ ಟೆಸ್ಟರ್ ಇರುತ್ತದೆ. ಮದುವೆಮನೆಗೂ ಅದರ ಸಮೇತ ಹೋಗುತ್ತಾರೆ. ಪ್ಲಗ್ಗಿಗೇ ಹಾಕದ ಮಷಿನ್ನಿನ ಮೈಗೆ ಮೊದಲು ಮುಟ್ಟಿಸಿದರು. ಬೆಳಗಲಿಲ್ಲ. "ಸೇಫ್" ಅಂದರು. ಪೈಪಿಗೆ ಮುಟ್ಟಿಸಿದರು. ಸೇಫ್. ನಲ್ಲಿ ಸೇಫ್. ಬಟ್ಟೆ ಹರವುವ ತಂತಿ ಸೇಫ್. ಏನಾಗ್ತಿದೆ ಅಂತ ನೋಡಲು ಬಂದ ಅಮ್ಮನ ಕೈಯಲ್ಲಿದ್ದ ದೋಸೆ ಸಟ್ಟುಗವೂ ಸೇಫ್.

ಎಲೆಕ್ಟ್ರಿಷಿಯನ್ ಹುಡುಗ ಹಿಂದಿನ ದಿನವೇ ಜಗಲಿ ಗೋಡೆಗೆ 16 ಆಂಪಿನ ಪಾಯಿಂಟ್ ಕೂರಿಸಿ, ಮೀಟರ್ ಬೋರ್ಡಿಗೆ ಆರ್‌ಸಿಸಿಬಿ ಅನ್ನುವ ಸುರಕ್ಷತಾ ಸ್ವಿಚ್ ಹಾಕಿ ಹೋಗಿದ್ದ. ಕರೆಂಟ್ ಸೋರಿ 30 ಮಿಲಿಆಂಪ್ ಮುಟ್ಟುವಷ್ಟರಲ್ಲಿ ಟಕ್ ಅಂತ ಬೀಳುತ್ತದೆ. ಟೆಸ್ಟ್ ಬಟನ್ ಒತ್ತಿದೆ, ಬಿತ್ತು, ಮತ್ತೆ ಎತ್ತಿದೆ. ಅಪ್ಪಯ್ಯನಿಗೆ ಸಮಾಧಾನ ಇಲ್ಲ. ಹೊಸ ಪಾಯಿಂಟಿಗೆ ಟೆಸ್ಟರ್ ಹಾಕಿದರು. ಬೆಳಗಲಿಲ್ಲ.

"ಕರೆಂಟ್ ಹೋಗಿದೆ ಕಣೋ."

ನಮ್ಮ ಕಡೆ ಈ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಸುಮ್ನೆ ಕೂತೆವು. ನಾನು ಗಮ್‌ಬೂಟು ಹಾಕಿಕೊಂಡು, ಕಣ್ಣಿಗೆ ಕನ್ನಡಕ ಇಲ್ಲ ಅಂತ ಬೈಕಿನ ಹೆಲ್ಮೆಟ್ ಏರಿಸಿಕೊಂಡು, ಕೈಯಲ್ಲಿ ಮಷಿನ್ನಿನ ನೀರು ಚಿಮ್ಮಿಸುವ ಗನ್ ಹಿಡಿದು ಇಪ್ಪತ್ತೈದು ನಿಮಿಷ ಜಗಲಿಕಟ್ಟೆ ಮೇಲೆ ಕೂತಿದ್ದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ಗುರ್ ಅಂತು. ನಾನು ಅಪ್ಪಯ್ಯನ ಮುಖ ನೋಡಿದೆ.

"ಅದು ಬೇರೆ ಫೇಸು. ಈ ಫೇಸ್ ಹೋಗಿದೆ."

ನಮ್ಮ ಮನೆಗೆ ಇರುವುದೇ ಒಂದು ಫೇಸು. ಆದರೂ ತಲೆ ಆಡಿಸಿದೆ, ಅಂಥ ಗಾಂಭೀರ್ಯ ಅವರ ದನಿಯಲ್ಲಿ. ಕೊನೆಗೆ ಮಗಳು ಬಂದು ಅದೇ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಚುಚ್ಚಿದಳು. ಚಾರ್ಜ್ ಆಗತೊಡಗಿತು. "ಬಂತು ನೋಡು ಕರೆಂಟು" ಅಂದರು ಅಪ್ಪಯ್ಯ.

ಇನ್ನು ನೀರಿನ ಕಥೆ. ಸ್ವಿಚ್ ಹಾಕುವ ಮೊದಲೇ ನೀರು ಬಿಟ್ಟು, ಗನ್ನಿನ ಟ್ರಿಗರ್ ಒತ್ತಿ ಹಿಡಿದು ಒಳಗಿನ ಗಾಳಿಯನ್ನೆಲ್ಲ ಹೊರಗೆ ಕಳಿಸಬೇಕು. ನೀರಿಲ್ಲದೆ ಓಡಿದರೆ ಪಂಪು ಹಾಳು. ನಮ್ಮದು ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು. ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ಏನೂ ಬರಲಿಲ್ಲ. ಫಿಲ್ಟರ್ ಬಿಚ್ಚಿದರೆ ಕೊಳೆತ ಎಲೆ ಚೂರು, ಜೊತೆಗೆ ಕಡಲೆಕಾಳಿನಷ್ಟು ದೊಡ್ಡ ಏಡಿಮರಿ. ಅಪ್ಪಯ್ಯ ಏಡಿಗೂ ಟೆಸ್ಟರ್ ಮುಟ್ಟಿಸಿದರು. ಸೇಫ್.

ಮಷಿನ್ ಶುರುವಾದಾಗ ಹನ್ನೆರಡೂ ಮುಕ್ಕಾಲು. ನೀರನ್ನು ಸೂಜಿ ಹಾಗೆ ಬಿಟ್ಟರೆ ಸಿಮೆಂಟೇ ಎದ್ದುಬರುತ್ತದೆ ಅಂತ ಗನ್ನಿನ ಮೂತಿ ತಿರುಗಿಸಿ ಬೀಸಣಿಗೆ ಹಾಗೆ ಅಗಲ ಮಾಡಿಕೊಂಡೆ. ಹಾವಸೆ ಹಾಲಿನ ಕೆನೆ ಥರ ಮಡಚಿಕೊಂಡು ಎದ್ದಿತು ನೋಡಿ, ಬೆಳಗಿನಿಂದ ಪಟ್ಟ ಪಾಡೆಲ್ಲ ಮರೆತೇಹೋಯಿತು. ಐದಾರು ಅಡಿ ಹೋಗಿರಬೇಕು, ಸಿಮೆಂಟಿನಲ್ಲಿ ನಾಲ್ಕು ಗುಳಿ ಕಂಡವು. ನಾಯಿ ಹೆಜ್ಜೆ. ನಾನು ಹೈಸ್ಕೂಲಿನಲ್ಲಿದ್ದಾಗ, ಅಂಗಳಕ್ಕೆ ಸಿಮೆಂಟ್ ಹಾಕಿದ ಸಂಜೆ, ನಮ್ಮ ಕರಿಯ ಹಸಿ ಮೇಲೆ ಓಡಿ ಬೈಸಿಕೊಂಡಿದ್ದ. ಅಜ್ಜಿಗೆ ಆ ಸಿಮೆಂಟೇ ಬೇಡವಾಗಿತ್ತು. ಸಗಣಿ ಬಳಿದ ಮಣ್ಣಿನಂಗಳ, ಮಳೆಗಾಲಕ್ಕೆ ಮೇಲೊಂದು ಸೋಗೆ ಹಾಸು, ಕೊಟ್ಟಿಗೆಗೆ ಹೋಗಲು ಅಡಿಕೆ ದಬ್ಬೆ. "ಕಲ್ಲು ಹಾಕಿದ್ರೆ ಜಾರ್ತದೆ ಮಗಾ" ಅಂದಿದ್ದರು. ಆ ಸಂಜೆ ಬೈಸಿಕೊಂಡ ಕರಿಯನಿಗೆ ಹಾಲನ್ನ ಹಾಕಿದ್ದೂ ಅವರೇ. ಟ್ರಿಗರ್ ಬಿಟ್ಟು, ಹೆಲ್ಮೆಟ್ ಗಾಜು ಮೇಲೆತ್ತಿ, ಸ್ವಲ್ಪ ಹೊತ್ತು ಆ ಗುಳಿಗಳನ್ನೇ ನೋಡುತ್ತ ನಿಂತೆ.

ಮತ್ತೆ ಶುರು ಮಾಡಿ ನಾಲ್ಕಡಿ ಹೋಗಿಲ್ಲ, ಪಂಪಿನ ದನಿ ಬದಲಾಯಿತು. ಅಮ್ಮ ಕೊಟ್ಟಿಗೆಯಲ್ಲಿ ಬಾನಿಗೆ ನೀರು ಬಿಟ್ಟಿದ್ದರು. ಓಡಿಹೋಗಿ ಸ್ವಿಚ್ ಆರಿಸಿದೆ. ಪೈಪಿನೊಳಗೆ ಉಳಿದ ಒತ್ತಡ ಹೋಗಲಿ ಅಂತ ಟ್ರಿಗರ್ ಇನ್ನೊಮ್ಮೆ ಒತ್ತಿದೆ. ಬಾನಿ ತುಂಬುವಷ್ಟರಲ್ಲಿ ಊಟದ ಹೊತ್ತಾಯಿತು. ಊಟ ಮುಗಿಸಿ ಬಂದರೆ ಗುಡುಗು, ಹಿಂಗಾರು ಮಳೆ. ಐದು ಗಂಟೆ ತಯಾರಿ, ಹನ್ನೊಂದು ನಿಮಿಷ ಕೆಲಸ.

"ಅಂಗಳಕ್ಕೆ ನಾಮ ಹಾಕಿದ್ದೀರಲ್ಲ!" ಅಂದರು ಆಚೆಮನೆಯವರು, ತಮಾಷೆಗೆ. ಮಷಿನ್ನಿಗೆ ಕೊಟ್ಟ ದುಡ್ಡು ನೆನೆದರೆ, ನಾಮ ಬಿದ್ದದ್ದು ಅಂಗಳಕ್ಕೆ ಅಂತ ನನಗೆ ಅನಿಸುವುದಿಲ್ಲ.

ನಿನ್ನೆ ಅಪ್ಪಯ್ಯ ಸ್ನಾನಕ್ಕೆ ಹೋದಾಗ, ಮೊಳೆಗೆ ನೇತುಹಾಕಿದ್ದ ಅಂಗಿಯಿಂದ ಟೆಸ್ಟರ್ ತೆಗೆದು ಫ್ರಿಜ್ಜಿನ ಪಕ್ಕದ ಪ್ಲಗ್ಗಿಗೆ ಹಾಕಿದೆ. ಫ್ರಿಜ್ ಓಡುತ್ತಿತ್ತು. ಟೆಸ್ಟರ್ ಬೆಳಗಲಿಲ್ಲ. ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಪುಟಾಣಿ ಬಲ್ಬು ಮಸಿ ಹಿಡಿದು ಕಪ್ಪಾಗಿದೆ. ಯಾವ ಕಾಲದಲ್ಲಿ ಸತ್ತಿತ್ತೋ.

ಸ್ನಾನ ಮುಗಿಸಿ ಬಂದ ಅಪ್ಪಯ್ಯನಿಗೆ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಒರೆಸಿ ಮತ್ತೆ ಜೇಬಿಗೆ ಹಾಕಿಕೊಂಡರು.

"ಸ್ಕ್ರೂ ಬಿಚ್ಚಲಿಕ್ಕೆ ಆಗ್ತದಲ್ಲ."