ಹಾರ್ಟ್ ಸರಿ ಇದೆ ಅಂದರೆ ನೋವು ಸುಳ್ಳು ಅಂತಲ್ಲ

ಕಳೆದ ಕೊಯ್ಲಿನ ಹೊತ್ತು. ರಾತ್ರಿ ಹತ್ತೂವರೆವರೆಗೆ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿದು, ಆಮೇಲೆ ಉಂಡು, ಉಂಡಿದ್ದೇ ಮಲಗಿದ ಅತ್ತಿಗೆ ಒಂದು ಗಂಟೆಗೆ ಎದ್ದು ಕೂತಿದ್ದಳು. ಮುಷ್ಟಿ ಬಿಗಿದು ಎದೆಯ ನಡುವೆ ಒತ್ತಿ ಹಿಡಿದಿದ್ದಳು. ಹಣೆ ತುಂಬ ಬೆವರು. ಆಗಲೇ ಶಿರಸಿಗೆ ಓಡಿದೆವು. ಇಸಿಜಿ, ರಕ್ತಪರೀಕ್ಷೆ ಸರಿ ಇತ್ತು. ಆದರೂ ನೋವು ಮರುಕಳಿಸಿತು. ದೇವಿಮನೆ ಘಟ್ಟ ಇಳಿದು ಮಂಗಳೂರಿಗೆ ಹೋಗಿ ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಮ್ ಮಾಡಿಸಿದೆವು. ಎಲ್ಲೂ ಬ್ಲಾಕ್ ಇಲ್ಲ.

ನಾವೆಲ್ಲ ನಿರಾಳವಾದೆವು, ಅವಳೊಬ್ಬಳನ್ನು ಬಿಟ್ಟು. ಒಬ್ಬ ಡಾಕ್ಟರು 'ಟೆನ್ಷನ್ ಅಷ್ಟೇ' ಅಂದರು. ಮನೆಯಲ್ಲಿ ನಾವು 'ಗ್ಯಾಸು' ಅಂದೆವು. ನೋವು ಬಂದರೂ ಹೇಳುವುದನ್ನೇ ಬಿಟ್ಟಳು. "ಹಾರ್ಟಿಗೆ ಎಂತೂ ಇಲ್ಲೆ ಹೇಳ್ತ. ಹಂಗಾರೆ ನೋವು ಬಪ್ಪುದು ಎಂತಕ್ಕೆ ತಮಾ?" ಅಂತ ಒಮ್ಮೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಕೊಟ್ಟವರು ಹೊಟ್ಟೆ ಡಾಕ್ಟರು. ಅನ್ನನಾಳ ಇಳಿಯುವುದು ಹೃದಯದ ಬೆನ್ನಿಗೇ. ಎರಡರ ನೋವೂ ಹೆಚ್ಚುಕಡಿಮೆ ಒಂದೇ ನರದ ದಾರಿಯಲ್ಲಿ ಮಿದುಳಿಗೆ ಹೋಗುತ್ತದೆ, ಹಾಗಾಗಿ ಯಾವುದು ಯಾವುದೆಂದು ಗುರುತು ಸಿಗುವುದಿಲ್ಲ. ಹಾರ್ಟ್ ಸರಿ ಇದ್ದೂ ಬರುವ ಇಂಥ ನೋವಿಗೆ ಹೆಚ್ಚಿನವರಲ್ಲಿ ಕಾರಣ ಮೇಲೇರುವ ಹೊಟ್ಟೆಯ ಆಮ್ಲ. ಎದೆ ಉರಿ, ಹುಳಿತೇಗು ಇಲ್ಲದೆಯೂ ಬರೀ ನೋವು ಬರಬಹುದು. ಕೆಲವರಿಗೆ ಅನ್ನನಾಳದ ಸ್ನಾಯುವೇ ಹಿಂಡಿಕೊಳ್ಳುತ್ತದೆ. ಇನ್ನು ಕೆಲವರಲ್ಲಿ ಅಲ್ಲಿನ ನರ ಅತಿ ಸೂಕ್ಷ್ಮವಾಗಿರುತ್ತದೆ. ನಾಲಿಗೆ ಅಡಿ ಇಡುವ ಹಾರ್ಟಿನ ಮಾತ್ರೆ ಅನ್ನನಾಳದ ಸ್ನಾಯುವನ್ನೂ ಸಡಿಲಿಸುತ್ತದಂತೆ. ಅದಕ್ಕೆ ನೋವು ಇಳಿಯಿತು ಅಂದಮಾತ್ರಕ್ಕೆ ಹಾರ್ಟಿನದೇ ಅನ್ನುವಂತಿಲ್ಲ. ಬಾಯಿಯಿಂದ ಕ್ಯಾಮೆರಾ ನಳಿಗೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಏನೂ ಕಾಣದೆ ಇರಬಹುದು. ಆಗ ಮೂಗಿನಿಂದ ಸಣ್ಣ ನಳಿಗೆ ಇಳಿಸಿ 24 ಗಂಟೆ ಆಮ್ಲ ಅಳೆಯುತ್ತಾರೆ, ಸ್ನಾಯುವಿನ ಒತ್ತಡವನ್ನೂ ನೋಡುತ್ತಾರೆ.

ಇದನ್ನು ಓದಿ ಯಾರೂ ಎದೆನೋವಿಗೆ ಜೀರಿಗೆ ಕಷಾಯ ಕುಡಿದು ಮಲಗಬೇಡಿ, ದಯವಿಟ್ಟು. ಮೊದಲು ಹಾರ್ಟೇ ನೋಡಿಸಬೇಕು, ಅದೂ ಕೂಡಲೇ. ನನ್ನ ಸಂಕಟ ಅದರ ನಂತರದ್ದು. ನಮ್ಮ ಜಿಲ್ಲೆಯವರು ದೊಡ್ಡ ಪರೀಕ್ಷೆಗೆ ಮಂಗಳೂರೋ ಹುಬ್ಬಳ್ಳಿಯೋ ಗೋವೆಯೋ ಅಂತ ಅಲೆದು, ದುಡ್ಡು ಖಾಲಿ ಮಾಡಿ, 'ಹಾರ್ಟ್ ಸರಿ ಇದೆ' ಅಂತ ಕೇಳಿದ್ದೇ ಫೈಲು ಕಪಾಟಿಗೆ ಸೇರಿಸುತ್ತಾರೆ. ನೋವು ಮಾತ್ರ ಉಳಿದಿರುತ್ತದೆ. ಅವರನ್ನು ಅಲ್ಲಿಂದಲೇ ಮುಂದಕ್ಕೆ, ಹೊಟ್ಟೆ ಡಾಕ್ಟರ ಹತ್ತಿರ ಕಳಿಸಬೇಕಲ್ಲವೇ?

ಅತ್ತಿಗೆಗೆ ಇದ್ದದ್ದು ಆಮ್ಲವೇ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ಒಂದು ಮಾತ್ರೆ. ಮಲಗಿದಾಗ ಆಮ್ಲ ಮೇಲೇರದಿರಲಿ ಅಂತ ಮಂಚದ ತಲೆ ಕಡೆಯ ಕಾಲುಗಳ ಅಡಿ ಚಿರೇಕಲ್ಲಿನ ಚೂರು ಇಟ್ಟಿದ್ದೇವೆ. ಈ ವರ್ಷ ನಮ್ಮನೆಯಲ್ಲಿ ಏಳೂವರೆಗೇ ಊಟ, ಸುಲಿಯುವುದು ಆಮೇಲೆ.