ಬಾವನ ಜಿಪ್ಪು

ಬೆಳಗ್ಗಿನ ಚಾ ಆರಿ ತಣ್ಣಗಾಗಿದೆ. ನಾನಿನ್ನೂ ರಾತ್ರಿ ಹನ್ನೊಂದಕ್ಕೆ ಕೂತ ಕುರ್ಚಿಯಲ್ಲೇ ಇದ್ದೇನೆ. ಉಡುಪಿಯ ಅಜ್ಜಿಮನೆ ಕೆಡವುವ ಮೊದಲು ತೆಗೆದ ಫೋಟೋಗಳನ್ನೆಲ್ಲ ಹಿಂಡಿ ಒಂದೇ ಕಟ್ಟು ಮಾಡಿದ ಜಿಪ್ ಫೈಲು ತೆರೆಯುತ್ತಿಲ್ಲ. 'ಫೈಲು ಹಾಳಾಗಿದೆ' ಅನ್ನುತ್ತದೆ ಕಂಪ್ಯೂಟರು. ಅಷ್ಟು ನನಗೂ ಗೊತ್ತು ಮಾರಾಯ.

ಕಾರಣ ಬಾವ. ಅವರಿಗೆ ಏನು ಸಿಕ್ಕಿದರೂ ಜಿಪ್ ಮಾಡಬೇಕು. ಒಂದು ಕರೆಂಟ್ ಬಿಲ್ಲಾದರೂ ಜಿಪ್. ಮನೆ ಒಕ್ಕಲಿನ ಕಾಗದವನ್ನೂ ಜಿಪ್ ಮಾಡಿ ವಾಟ್ಸಾಪಿಗೆ ಹಾಕಿದ್ದರು. ಅರ್ಧ ಜನಕ್ಕೆ ಅದು ತೆರೆಯಲೇ ಇಲ್ಲ, ಊಟಕ್ಕೆ ಮಾತ್ರ ಎಲ್ಲರೂ ಬಂದರು. ಹೋದ ಆಟಿಯಲ್ಲಿ ಪತ್ರೊಡೆ ಮಾಡುವ ಕ್ರಮ ಕಳಿಸಿದರು. ಜಿಪ್ಪಿನೊಳಗೆ ಜಿಪ್ಪು, ಅದರೊಳಗೆ ಇನ್ನೊಂದು. ಪತ್ರೊಡೆಗೂ ಅಷ್ಟು ಎಲೆ ಸುತ್ತುವುದಿಲ್ಲ.

"ಬಾವ, ಜೆಪೆಗ್ ಫೋಟೋ ಮೊದಲೇ ಹಿಂಡಿದ್ದು. ಮತ್ತೆ ಹಿಂಡಿದರೆ ಜಾಗವೇನೂ ಉಳಿಯುವುದಿಲ್ಲ" ಅಂದೆ. "ತೆಂಗಿನಕಾಯಿಗೆ ಎರಡನೇ ಹಾಲು ಇಲ್ವಾ?" ಅಂದರು.

ಮೊನ್ನೆ ಮಂಗಳೂರಿನ ಅವರ ಮನೆಯಲ್ಲಿ ಪೆನ್‌ಡ್ರೈವಿಗೆ ಕಾಪಿ ಆಗುತ್ತಿತ್ತು. ಮುಕ್ಕಾಲು ಆಗಿರಬೇಕು, "ನಿನ್ನ ಎಕ್ಸ್‌ಪ್ರೆಸ್ ಬಂತು!" ಅಂತ ಸರಕ್ಕನೆ ಎಳೆದು ಕೈಗಿಟ್ಟರು. ಉಡುಪಿಗೆ ಒಂದು ಬಸ್ಸಿನ ಬೆನ್ನಿಗೇ ಇನ್ನೊಂದು ಬಸ್ಸಿರುತ್ತದೆ, ಅಲ್ವಾ? ಮೂಲ ಫೋಟೋಗಳು? "ನಿನಗೆ ಕೊಟ್ಟೆನಲ್ಲ, ಅಳಿಸಿಬಿಟ್ಟೆ. ಜಾಗ ಬೇಕಿತ್ತು."

ಜಿಪ್ಪಿನ ವಿಷಯಸೂಚಿ ಇರುವುದು ಫೈಲಿನ ಕಟ್ಟಕಡೆಗೆ. ಬಾಲ ತುಂಡಾದರೆ ಒಳಗೇನಿದೆ ಅಂತಲೇ ಗೊತ್ತಾಗದು. 1989ರಲ್ಲಿ ಇದನ್ನು ಮಾಡಿದ ಫಿಲ್ ಕಾಟ್ಜ್ ಪುಣ್ಯಾತ್ಮ, ಒಳಗಿನ ಪ್ರತಿ ಫೈಲಿನ ತಲೆಗೂ ಒಂದು ಚೀಟಿ ಅಂಟಿಸಿದ್ದಾನೆ. ಆ ಚೀಟಿ ಶುರುವಾಗುವುದೇ ಅವನ ಇನಿಷಿಯಲ್ 'ಪಿಕೆ'ಯಿಂದ. ಅದನ್ನೇ ಹುಡುಕಿಕೊಂಡು ಹೋದರೆ ತುಂಡಾಗುವ ಮುಂಚಿನದು ಸಿಗುತ್ತದೆ. ಜಿಪ್ ಬಿಚ್ಚುವ ವಿನ್‌ರಾರ್ ಸಾಫ್ಟ್‌ವೇರಿನಲ್ಲಿ ರಿಪೇರಿ ಒತ್ತಿದೆ. ಅದರ ಟ್ರಯಲ್ 40 ದಿನದ್ದು. ನನ್ನದು ಹತ್ತು ವರ್ಷದಿಂದ ನಡೆಯುತ್ತಿದೆ. ಆಮೇಲೆ, ಕೆಟ್ಟ ಫೈಲನ್ನೂ ಬಿಸಾಡಬೇಡ ಅಂತ ಒಂದು ಟಿಕ್ ಹಾಕಿದೆ.

ಒಂದೊಂದಾಗಿ ಬಂದವು. ಬಾವಿಕಟ್ಟೆ. ಅಟ್ಟದ ಏಣಿ. ಬಾವನ ಹೆಬ್ಬೆರಳು, ನಾಲ್ಕು ಸಲ.

ಕೊನೆಯದು ಅರ್ಧ. ಮೇಲೆ ಹಂಚು, ದಾರಂದ, ಅಜ್ಜಿಯ ಮುಖ. ಕುತ್ತಿಗೆಯಿಂದ ಕೆಳಗೆ ಬರೀ ಬೂದು. ಕೈಯಲ್ಲಿ ಏನೋ ಹಿಡಿದಿದ್ದರು. ಏನದು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಜ್ಜಿಯನ್ನು ಕೇಳೋಣ ಅಂದರೆ ಮನೆ ಹೋದ ಬೆನ್ನಿಗೇ ಅವರೂ ಹೋದರು.

ಸಿಟ್ಟು ನುಂಗಿ ಬಾವನಿಗೆ ಫೋನ್ ಮಾಡಿದೆ.

"ಹಿಡಿಸೂಡಿ ಮಾರಾಯ," ಅಂದರು ತಕ್ಷಣ. "ಫೋಟೋ ತೆಗೀಬೇಡ ಅಂತ ನನಗೇ ಎತ್ತಿದ್ದು."