ಜಾರ್ಜ್ ಸಾಂಡರ್ಸ್ ಅವರ ಕಥಾ ತರಗತಿ: ಒಂದು ಸ್ಪಷ್ಟನೆ

ಅಮೆರಿಕದ ಕಥೆಗಾರ ಜಾರ್ಜ್ ಸಾಂಡರ್ಸ್ ಅವರು ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ರಷ್ಯನ್ ಕಥೆಗಳಿಂದ ಕಥನದ ನಿಯಮಗಳನ್ನು ಹೆಕ್ಕಿಕೊಡುತ್ತಾರೆ, ಅವನ್ನು ಪಾಲಿಸಿದರೆ ಕಥೆ ಸಿದ್ಧಿಸುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಆ ತರಗತಿಯನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಚೆಕಾವ್, ತುರ್ಗೆನೆವ್, ಟಾಲ್‌ಸ್ಟಾಯ್ ಮತ್ತು ಗೊಗೋಲ್ ಅವರ ಏಳು ಕಥೆಗಳಿವೆ. ಮೊದಲನೆಯದು, ಪಟ್ಟಣದಿಂದ ಗಾಡಿಯಲ್ಲಿ ಊರಿಗೆ ಮರಳುವ ಶಾಲಾ ಶಿಕ್ಷಕಿಯನ್ನು ಕುರಿತ ಚೆಕಾವ್ ಕಥೆ. ಅದನ್ನು ಸಾಂಡರ್ಸ್ ಒಂದೊಂದೇ ಪುಟವಾಗಿ ಓದಿಸುತ್ತಾರೆ. ಪ್ರತಿ ಪುಟದ ಕೊನೆಗೆ ನಿಲ್ಲಿಸಿ, ಈವರೆಗೆ ನಿಮಗೇನು ತಿಳಿಯಿತು, ಯಾವುದರ ಬಗ್ಗೆ ಕುತೂಹಲ ಹುಟ್ಟಿತು, ಕಥೆ ಎತ್ತ ಸಾಗುತ್ತಿದೆ ಎನಿಸುತ್ತದೆ ಎಂದು ಕೇಳುತ್ತಾರೆ. ಓದುಗರ ಮನಸ್ಸಿನಲ್ಲಿ ಏಳುವ ನಿರೀಕ್ಷೆಯನ್ನು ಲೇಖಕ ಹೇಗೆ ಗಮನಿಸುತ್ತಾನೆ ಎಂಬುದೇ ಅಲ್ಲಿನ ಪಾಠ, ಮತ್ತು ನನ್ನ ದೃಷ್ಟಿಯಲ್ಲಿ ಅದು ಯಾವ ನಿಯಮಾವಳಿಗಿಂತಲೂ ಬೆಲೆಯುಳ್ಳದ್ದು.

ಕಥೆಯ ತೀವ್ರತೆ ಸದಾ ಏರುತ್ತಿರಬೇಕು ಎಂಬಂಥ ಸೂತ್ರರೂಪದ ಮಾತುಗಳು ಪುಸ್ತಕದಲ್ಲಿ ಇರುವುದು ನಿಜ. ತಪ್ಪುಗ್ರಹಿಕೆ ಬಹುಶಃ ಅಲ್ಲಿಂದ ಹುಟ್ಟಿರಬೇಕು. ಆದರೆ ಬರವಣಿಗೆಯ ವಿಷಯಕ್ಕೆ ಬಂದಾಗ ಅವರು ಒತ್ತಿ ಹೇಳುವುದು ತಿದ್ದುವಿಕೆಯನ್ನು: ತನ್ನದೇ ಸಾಲುಗಳನ್ನು ಮೊದಲ ಬಾರಿ ಓದುವವರಂತೆ ಓದಿ, ಮನಸ್ಸು ಎಲ್ಲಿ ಹಿಂಜರಿಯಿತೆಂದು ಗುರುತಿಸಿ, ಮತ್ತೆ ಮತ್ತೆ ಬದಲಿಸುವುದು. ಇದನ್ನು ತಮಗೆ ಒಗ್ಗಿದ ವಿಧಾನವೆಂದೇ ಅವರು ಮುಂದಿಡುತ್ತಾರೆ. ವಿದ್ಯಾರ್ಥಿಗಳು ತಾವು ಮಾತ್ರ ಬರೆಯಬಲ್ಲ ಕಥೆಗಳನ್ನು ಬರೆಯುವಂತಾಗಲು ನೆರವಾಗುವುದೇ ತರಗತಿಯ ಗುರಿಯೆಂದು ಪುಸ್ತಕದ ಆರಂಭದಲ್ಲೇ ಸ್ಪಷ್ಟಪಡಿಸಿದ್ದಾರೆ.